ಐರ್ಲೆಂಡಿನಲ್ಲಿ ಕಾಕಾನ ಪಂಕ್ತಿ

ನಮ್ಮ ಕಾಕಾನಷ್ಟು ಅಪಾಯಕಾರಿ ಮನುಷ್ಯರು ಇಡೀ ಲಕ್ಷ್ಮೇಶ್ವರದಲ್ಲಿ ಇನ್ನೊಬ್ಬರಿಲ್ಲ. ಗಾಬರಿಯಾಗಬೇಡಿ, ಅವರು ಯಾರನ್ನೂ ಹೊಡೆದವರಲ್ಲ, ಬೈದವರೂ ಅಲ್ಲ. ಉಣ್ಣಿಸುತ್ತಾರೆ, ಅಷ್ಟೆ! ಮಧ್ಯಾಹ್ನ ಅವರ ಹಿಟ್ಟಿನ ಗಿರಣಿಯ ಮುಂದೆ ಹಾದುಹೋಗುವವರು ಯಾರೇ ಆಗಲಿ, ಒಳಗೆ ಬಂದು ತಾಟಿನ ಮುಂದೆ ಕುಳಿತೇ ಮುಂದಕ್ಕೆ ಹೋಗಬೇಕು. ಲೈಟ್ ಬಿಲ್ಲಿನವರು ನಮ್ಮ ಓಣಿಗೆ ಬರುವ ದಿನ ಮನೆಯಲ್ಲಿ ನಾಷ್ಟಾ ಮಾಡುವುದಿಲ್ಲವಂತೆ. ಶಿರಹಟ್ಟಿಯಿಂದ ಕಾಕಾನ ಹೆಂಡತಿ, ನಮ್ಮ ಚಿಗವ್ವನಿಗೆ ಸೀರೆ ಮಾರಲು ಬಂದವನೊಬ್ಬ ಹೊಟ್ಟೆ ಬಿರಿಯ ಉಂಡು, ಕಟ್ಟೆಯ ಮೇಲೆ ನಿದ್ದೆ ಮಾಡಿ, ಸೀರೆಯ ಗಂಟು ಬಿಚ್ಚದೆಯೇ ಊರಿಗೆ ಹೋದ.

"ಊಟ ಆಗೇತ್ರಿ" ಎಂದು ತಪ್ಪಿಸಿಕೊಳ್ಳಬಹುದಲ್ಲ ಎನ್ನುತ್ತೀರಾ? ಅದನ್ನೂ ನೋಡಿಯಾಗಿದೆ. ಬೆಟಗೇರಿಯ ಬೀಗರೊಬ್ಬರು ಹಾಗೆಂದಾಗ ಕಾಕಾ ಅವರ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ತಾಟು ಹಾಕಲು ಚಿಗವ್ವನಿಗೆ ಸನ್ನೆ ಮಾಡಿದರು. ಬೀಗರು ನಾಲ್ಕು ರೊಟ್ಟಿ ತಿಂದರು! ಉಣ್ಣದವರು ಆ ಮಾತನ್ನು ಬಲು ಬೇಗ ಹೇಳಿಬಿಡುತ್ತಾರೆ ಎಂಬುದು ಕಾಕಾನ ಅನುಭವ.

ಇಂಥವರ ಒಬ್ಬಳೇ ಮಗಳು, ನನ್ನ ತಂಗಿ, ಓದಲಿಕ್ಕೆ ಐರ್ಲೆಂಡಿಗೆ ಹೋದಳು. ಫೀಸನ್ನು ಕಾಕಾ ಹೇಗೋ ಕಟ್ಟಿದರು. ಬಾಡಿಗೆ, ಬಸ್ಸು, ಹೊಟ್ಟೆಪಾಡು ಎಲ್ಲ ಅವಳ ದುಡಿಮೆಯಲ್ಲೇ ಆಗಬೇಕು. ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದಳು. ಓದುವ ಮಕ್ಕಳು ವಾರಕ್ಕೆ ಇಷ್ಟೇ ತಾಸು ದುಡಿಯಬೇಕೆಂದು ಅಲ್ಲಿ ಕಟ್ಟಳೆಯಂತೆ. ಒಂದೇ ಮನೆಯಲ್ಲಿ ಏಳು ಜನ, ಹತ್ತೂ ಕಡೆಯಿಂದ ಬಂದವರು. ಅವಳ ಕೋಣೆಯಲ್ಲೇ ಇನ್ನೊಬ್ಬಳ ಮಂಚ. ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಫ್ರಿಜ್ಜಿನಲ್ಲಿ ಮಾತ್ರ ತಲೆಗೊಂದು ಗೂಡು. ಒಬ್ಬರ ಹಾಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂದು ಕೇಳಿ ಕಾಕಾನಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಅದು ಮನೆಯೋ ಬ್ಯಾಂಕಿನ ಲಾಕರೋ ಎಂದು ಕೇಳಿದ್ದರು.

ಪ್ರತಿ ಐತವಾರ ವಿಡಿಯೋ ಕಾಲ್. ನಾವು ಇಲ್ಲಿ ರಾತ್ರಿ ಊಟಕ್ಕೆ ಕೂರುವಾಗ ಅಲ್ಲಿ ಮಧ್ಯಾಹ್ನ, ಅವಳ ಅಡುಗೆ ಆಗುವ ಹೊತ್ತು. ಅಡುಗೆಮನೆ ಒಂದೇ ಆದಮೇಲೆ ಅವಳ ಹಿಂದೆ ಯಾರಾದರೂ ಒಬ್ಬರು ಸುಳಿದಾಡಲೇಬೇಕಲ್ಲ! ಮೊದಲ ವಾರ ಬ್ರೆಜಿಲ್ ದೇಶದ ಹುಡುಗಿಯೊಬ್ಬಳು ಕಾಫಿ ಮಾಡಿಕೊಳ್ಳಲು ಬಂದಳು. ಕಾಕಾನಿಗೆ ತಡೆಯಲಾಗಲಿಲ್ಲ.

"ಪಾಪ, ಒಬ್ಬಾಕಿನ ನಿಂತಾಳ. ಆಕಿಗೊಂದೀಟು ಹಾಕವಾ."

ತಂಗಿ ಹಾಕಿದಳು. ಆ ಹುಡುಗಿ ಬದನೆಯ ಎಣ್ಣೆಗಾಯಿ ತಿಂದು ಕಣ್ಣೊರೆಸಿಕೊಂಡದ್ದನ್ನು ಕಾಕಾ ವಾರವಿಡೀ ಗಿರಣಿಗೆ ಬಂದವರಿಗೆಲ್ಲ ಹೇಳಿದರು. ಕಣ್ಣೀರು ಪ್ರೀತಿಗೋ ಖಾರಕ್ಕೋ ಎಂದು ನಾನು ಕೇಳಲು ಹೋಗಲಿಲ್ಲ.

ಮುಂದಿನ ವಾರ ಇಬ್ಬರು, ಆಮೇಲೆ ಮೂವರು. ಫೋನು ಬಂದಾಗ ತಟ್ಟೆ ಹಿಡಿದು ನಿಲ್ಲುವುದು ಭಾರತದ ಪದ್ಧತಿ ಎಂದೇ ಆ ಮಕ್ಕಳು ತಿಳಿದಿದ್ದರೋ ಏನೋ! ಕಾಕಾ ಇಲ್ಲಿ ಕುಳಿತು ಐರ್ಲೆಂಡಿನ ಪಂಕ್ತಿಯ ಉಸ್ತುವಾರಿ ಮಾಡುತ್ತಿದ್ದರು: ಅವನಿಗೆ ಸಾರು, ಇವಳಿಗೆ ಇನ್ನೊಂದಿಷ್ಟು ಅನ್ನ. ಮಗಳು ಓದಲು ಹೋದಳೋ ದಾಸೋಹ ನಡೆಸಲು ಹೋದಳೋ ಎಂದು ಚಿಗವ್ವ ಗೊಣಗುತ್ತಿದ್ದರು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಹೊಸ ವರ್ಷ ಕಳೆದ ಮೇಲೆ ಒಂದು ಐತವಾರ ನಾನೂ ಕಾಕಾನ ಮನೆಗೆ ಊಟಕ್ಕೆ ಹೋಗಿದ್ದೆ. ಮೂವರಿಗೂ ಬಡಿಸಿ ತಂಗಿ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಳು. ನೀನೂ ಉಣ್ಣು ಎಂದರು ಕಾಕಾ.

"ನಂದು ಆಗೇತಿ ಅಪ್ಪಾ." ಬಲು ಬೇಗ ಹೇಳಿಬಿಟ್ಟಳು.

ಕಾಕಾನ ಕೈ ತಾಟಿನಲ್ಲೇ ನಿಂತಿತು. ಬಿಡದೆ ಕೇಳಿದರು. ಕೊನೆಗೆ ಬಾಯಿಬಿಟ್ಟಳು. ಬಾಡಿಗೆ ಏರಿತ್ತು, ಹೋಟೆಲಿನವರು ಅವಳ ತಾಸು ಕಡಿಮೆ ಮಾಡಿದ್ದರು. ಐತವಾರ ಒಮ್ಮೆ ಮಾಡಿದ ಅಡುಗೆ ಬುಧವಾರದವರೆಗೆ ಬರಬೇಕಿತ್ತು. ಪಂಕ್ತಿ ಮುಗಿದ ಮೇಲೆ ಅವಳಿಗೆ ಉಳಿಯುತ್ತಿದ್ದುದು ಬ್ರೆಡ್ಡು ಮತ್ತು ಚಹಾ. ಇಲ್ಲ ಅನ್ನಬಾರದಾಗಿತ್ತೇನೇ ಎಂದು ಚಿಗವ್ವ ಅಳುತ್ತಲೇ ಗದರಿದರು.

"ಅಪ್ಪ ಹಾಕು ಅಂದಮ್ಯಾಲೆ ಹೆಂಗ ಇಲ್ಲ ಅನ್ಲಿ ಅವ್ವಾ? ನಮ್ಮ ಮನ್ಯಾಗ ಯಾರಾರ ಹಂಗ ಅಂದಾರೇನು?"

ಕಾಕಾ ತಾಟು ಸರಿಸಿದರು. ನನ್ನ ಕಡೆ ತಿರುಗಿ, "ನನ್ನ ಕೂಸಿನ ತುತ್ತು ನಾನ ಕಸಗೊಂಡ್ನೆಲ್ಲೋ ತಮ್ಮಾ" ಎಂದರು. ಅಷ್ಟು ವಾರ ನಕ್ಕಿದ್ದೆಲ್ಲ ನೆನಪಾಗಿ ನಾನೂ ತಾಟು ಸರಿಸಿದೆ.

ಫೋನಿನಲ್ಲಿ ತಂಗಿಯ ಹಿಂದೆ ಆ ಬ್ರೆಜಿಲ್ ಹುಡುಗಿ ಏನಾಯಿತೆಂದು ತಿಳಿಯದೆ ನಿಂತಿದ್ದಳು. ಕಾಕಾ ಅವಳನ್ನು ನೋಡಿದರು. ಹುಟ್ಟಿದಾಗಿನಿಂದ ಯಾರ ಮುಂದೆಯೂ ಏನನ್ನೂ ಬೇಡದ ಮನುಷ್ಯ, ಎಂಜಲು ಕೈಯೆಂದೂ ನೋಡದೆ ಎರಡೂ ಕೈ ಜೋಡಿಸಿ, ಕನ್ನಡದಲ್ಲೇ ಅವಳನ್ನು ಕೇಳಿದರು:

"ಯವ್ವಾ, ನಮ್ಮ ಹುಡುಗಿ ಉಂಡಿಲ್ಲ. ನಿನ್ನ ಗೂಡಿನ್ಯಾಗ ಏನಾರ ಇದ್ರ, ಆಕಿಗೊಂದು ತುತ್ತು ಕೊಡವಾ."