ಬೆಲ್ಟಿಗೊಂದು ಜಾಲರಿ

ಭಟ್ಕಳ ಬಂದರಿನ ಆ ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಪುಡಿ ಮಾಡುವ ಯಂತ್ರದ ಬೆಲ್ಟಿಗೆ ಮುಚ್ಚಳ ಇರಲಿಲ್ಲ. ಹಿಂದಿನ ತಿಂಗಳು ಅದು ಬೀರನ ಲುಂಗಿಯನ್ನು ಎಳೆದುಕೊಂಡಿತ್ತು. ಬೀರ ಉಳಿದ, ಲುಂಗಿ ಉಳಿಯಲಿಲ್ಲ.

ಬೆಲ್ಟಿನ ಸುತ್ತ ಕಬ್ಬಿಣದ ಜಾಲರಿ ಬೇಕೆಂದು ಮ್ಯಾನೇಜರ್ ರಮಾನಂದ ಮಂಗಳೂರಿನ ಮುಖ್ಯ ಕಚೇರಿಗೆ ಮೂರು ಪತ್ರ ಬರೆದ. ಮೂರಕ್ಕೂ ಸೇರಿ ಒಂದು ಉತ್ತರ ಬಂತು: 'ಮ್ಯಾನೇಜರರು ಪ್ರತಿಯೊಬ್ಬ ಕೆಲಸಗಾರನೊಡನೆ ಸುರಕ್ಷತೆಯ ಬಗ್ಗೆ ಐದು ನಿಮಿಷ ಮಾತಾಡಿ, ಆತ ಕಂಡ ಅಪಾಯವನ್ನು ಆತನ ಮಾತಿನಲ್ಲೇ ಬರೆದು, ಹೆಬ್ಬೆಟ್ಟು ಒತ್ತಿಸತಕ್ಕದ್ದು. ಗುರುವಾರ ಸಂಜೆ ಅಧಿಕಾರಿಗಳು ಬಂದು ತೀರ್ಮಾನಿಸುವರು.'

ಪತ್ರ ಕೈಸೇರಿದ್ದು ಗುರುವಾರ ಬೆಳಿಗ್ಗೆ.

ರಮಾನಂದ ಮೊದಲು ಬೀರನನ್ನೇ ಕೂರಿಸಿಕೊಂಡ. "ಬೀರಾ, ಇಲ್ಲಿ ನಿನಗೆ ಎಂತ ಅಪಾಯ ಆಗಬಹುದು?"

ಬೀರ ಎದ್ದು ನಿಂತ. "ಬೆಳಿಗ್ಗೆ ಬೆಳಿಗ್ಗೆ ಇದೆಂತ ಮಾತು ಮಾರಾಯ್ರೆ! ನನ್ನ ಮೇಲೆ ಸಿಟ್ಟಿದ್ರೆ ನೇರ ಹೇಳಿ."

"ಲುಂಗಿ ಹೋಯ್ತಲ್ಲ, ಅದನ್ನೇ ಹೇಳು."

"ಹೋದದ್ದು ಹೋಯ್ತು. ಹೆಸರು ಹಿಡಿದು ಮತ್ತೆ ಕರೆಯೂದು ಎಂತಕ್ಕೆ?"

ದೋಣಿ ನೀರಿಗಿಳಿಸುವಾಗ ಮುಳುಗುವ ಮಾತೆತ್ತದ ಮನೆಗಳಿಂದ ಬಂದವರು ಅವರೆಲ್ಲ. ಬುಟ್ಟಿ ಹೊರುವ ದುರ್ಗಮ್ಮ ಕಡ್ಡಿ ಮುರಿದಂತೆ ಹೇಳಿದಳು: "ಬಾಯಲ್ಲಿ ಬಂದದ್ದು ಬಾಗಿಲಿಗೆ ಬತ್ತದೆ. ನಾನು ಹೇಳೂದಿಲ್ಲ." ಯಂತ್ರ ನಡೆಸುವ ಶನಿಯಾರ ಅದನ್ನು ನಿಲ್ಲಿಸಿ, ದೋಷ ಕಳೆಯಲು ತೆಂಗಿನಕಾಯಿ ತರಲು ಹೊರಟೇಹೋದ. ಹೊರಗೆ ಲಾರಿಯಲ್ಲಿ ಬಂಗಡೆ ಮೀನುಗಳು ಮಂಜುಗಡ್ಡೆಗಾಗಿ ರಮಾನಂದನಂತೆಯೇ ಬಾಯಿ ತೆರೆದುಕೊಂಡು ಕಾಯುತ್ತಿದ್ದವು.

ರಮಾನಂದ ವಿಜ್ಞಾನ ಓದಿದವನು. ಪ್ರಯೋಗ ಕೈಕೊಟ್ಟರೆ ಒಂದೇ ಒಂದು ಅಂಶ ಬದಲಿಸಿ ನೋಡಬೇಕೆಂದು ಬಲ್ಲ. ಕಾಯಿ ಹಿಡಿದು ಬಂದ ಶನಿಯಾರನೂ ಸೇರಿದಂತೆ ಎಲ್ಲರನ್ನೂ ಕರೆದ. "ಆತು. ನಿಮ್ಮದು ಬೇಡ. ನನಗೆ ಎಂತ ಆಗಬಹುದು, ಅದನ್ನು ಹೇಳಿ."

ಕಟ್ಟೆ ಒಡೆದಂತಾಯಿತು.

"ನಿಮ್ಮ ಪ್ಯಾಂಟಿನ ಈ ಅಗಲ ಕಾಲು ಒಂದಿನ ಬೆಲ್ಟಿಗೆ ಹೋಗ್ತದೆ," ಎಂದ ಬೀರ. "ಲುಂಗಿಯಾದ್ರೆ ಬಿಚ್ಚಿಕೊಳ್ತದೆ. ಪ್ಯಾಂಟು ನಿಮ್ಮನ್ನು ಬಿಡೂದಿಲ್ಲ."

"ಆ ಬೂಟು ಹಾಕಿ ಒದ್ದೆ ನೆಲದಲ್ಲಿ ಕೊಕ್ಕರೆ ಹಾಗೆ ನಡೀತ್ರಿ. ಸೊಂಟ ಮುರೀತದೆ," ಎಂದಳು ದುರ್ಗಮ್ಮ, ಅಕ್ಕರೆಯಿಂದಲೇ.

"ಗ್ಯಾಸಿನ ಪೈಪು ಸೋರಿದ್ರೆ ನಾವು ವಾಸನೆಗೇ ಓಡ್ತೇವೆ," ಎಂದ ಶನಿಯಾರ. "ನಿಮಗೆ ವರ್ಷವಿಡೀ ನೆಗಡಿ."

ಮಧ್ಯಾಹ್ನದೊಳಗೆ ಹನ್ನೆರಡು ಜನರ ಹೆಬ್ಬೆಟ್ಟು ಬಿತ್ತು. ಇಬ್ಬರು ಇನ್ನಷ್ಟು ನೆನಪಾಯಿತೆಂದು ಮರಳಿ ಬಂದರು. ಒಡೆಯದೆ ಉಳಿದ ಕಾಯಿ ದುರ್ಗಮ್ಮನ ಸಾರಿಗೆ ಹೋಯಿತು.

ಸಂಜೆ ಅಧಿಕಾರಿ ಜೀಪಿನಲ್ಲಿ ಬಂದರು. ಹಿಂದೆ ಜಾಲರಿಯ ನಾಲ್ಕು ಚೌಕಟ್ಟುಗಳೂ ಒಬ್ಬ ವೆಲ್ಡರನೂ ಇದ್ದರು. ರಮಾನಂದನ ಕಣ್ಣು ತುಂಬಿತು.

ಅಧಿಕಾರಿ ಹಾಳೆಗಳನ್ನು ಎರಡು ಸಲ ಓದಿದರು. "ಹನ್ನೆರಡು ಜನ, ಹದಿನಾಲ್ಕು ಅಪಾಯ. ಎಲ್ಲ ಒಬ್ಬರಿಗೇ."

"ಸಾರ್, ಬೆಲ್ಟು..."

"ಬೆಲ್ಟಿನಿಂದ ತನಗೆ ಅಪಾಯ ಅಂತ ಒಬ್ಬನೂ ಹೇಳಿಲ್ಲವಲ್ಲ! ಜಾಲರಿ ಮಂಜೂರು. ಇವತ್ತೇ ಕೂರಿಸಿ."

ಬೀರ, ಶನಿಯಾರ ಚೌಕಟ್ಟುಗಳನ್ನು ಹೊತ್ತು ಬೆಲ್ಟನ್ನು ದಾಟಿ ಹೋದರು. ಒಂದು ಗಂಟೆಯಲ್ಲಿ ರಮಾನಂದನ ಮೇಜಿನ ನಾಲ್ಕೂ ಕಡೆ ಜಾಲರಿ ನಿಂತಿತು, ಒಂದು ಕಡೆ ಬಾಗಿಲೂ ಬಂತು. ಕೆಲಸದ ಹೊತ್ತಿನಲ್ಲಿ ಮ್ಯಾನೇಜರರು ಅದರಿಂದ ಹೊರಬರತಕ್ಕದ್ದಲ್ಲ ಎಂದು ಅಧಿಕಾರಿ ಬರೆದು ಸಹಿ ಮಾಡಿದರು.

ದುರ್ಗಮ್ಮ ಜಾಲರಿಯ ಸಂದಿಯಿಂದ ಚಾ ಲೋಟ ದಾಟಿಸಿದಳು. "ನಾ ಹೇಳಿದ್ನಲ್ಲ, ಬಾಯಲ್ಲಿ ಬಂದದ್ದು ಬಾಗಿಲಿಗೆ ಬತ್ತದೆ ಅಂತ," ಎಂದು, ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಕೆಲಸಕ್ಕೆ ಹೋದಳು.