ಅಟ್ಟದ ಮೇಲಿನ ಕುರುಡು ಕಮ್ಮಾರ

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ನಾನು ಓದು ನಿಲ್ಲಿಸಿದೆ. ಓದೇ ನನ್ನನ್ನು ನಿಲ್ಲಿಸಿತು ಎನ್ನುವವರೂ ನಮ್ಮೂರಿನಲ್ಲಿದ್ದಾರೆ. ಅವರ ಮಾತು ಅವರಿಗಿರಲಿ. ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ, ಮರುದಿನವೇ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಒತ್ತಿ ಸಿಪ್ಪೆ ಸುಲಿಯುವ ಕೆಲಸಕ್ಕೆ ನಿಂತೆ. ಅಂದಿನಿಂದ ಯಾರ ಮುಂದೆಯೂ ಕೈ ಚಾಚಿದವನಲ್ಲ. ಮೂಟೆ ಎತ್ತುವಾಗ ಪಕ್ಕದವನು ‘ಒಂದ್ ಕೈ ಕೊಡ್ಲಾ’ ಎಂದರೆ ‘ನಿನ್ ಕೈ ನಿನ್ನತ್ರನೇ ಇರ್ಲಿ’ ಎನ್ನುವ ಪೈಕಿ. ಇದನ್ನು ನಾನು ಸ್ವಾಭಿಮಾನ ಎನ್ನುತ್ತೇನೆ. ನನ್ನ ಹೆಂಡತಿ ಗಿರಿಜಾ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದು ಅಚ್ಚು ಮಾಡುವಂಥದ್ದಲ್ಲ.

ಇಂಥ ನಾನು ವಿಡಿಯೋ ಗೇಮ್ ಆಡುತ್ತೇನೆ ಎಂದರೆ ನಗುವವರು ನಗಬಹುದು. ಮಗಳು ಸಹನಾ ತಿಪಟೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಸಂಬಳ ಕೂಡಿಸಿ ಆ ಯಂತ್ರ ತಂದು ಟೀವಿಗೆ ಸಿಕ್ಕಿಸಿದಳು. ತಂದದ್ದು ಅವಳು, ಅಂಟಿದ್ದು ನನಗೆ. ಅದೊಂದು ಮುಳುಗಿದ ಕೋಟೆಯ ಆಟ. ಕೈಯಲ್ಲೊಂದು ಮೊಂಡು ಕತ್ತಿ ಹಿಡಿದು ಕೋಟೆಯೊಳಗೆ ನಡೆಯುತ್ತಾ ಹೋಗಬೇಕು. ದಾರಿಯಲ್ಲಿ ಸಿಕ್ಕವರೆಲ್ಲ ನಮ್ಮನ್ನು ಕೊಲ್ಲಲು ಬರುತ್ತಾರೆ. ಸತ್ತರೆ ಹಿಂದೆಲ್ಲೋ ಹಚ್ಚಿಟ್ಟ ದೀಪದ ಬಳಿ ಎದ್ದು ಮತ್ತೆ ಅದೇ ದಾರಿ ಹಿಡಿಯಬೇಕು. ಒಂದೊಂದು ಲೆವೆಲ್ಲಿನ ಕೊನೆಗೂ ಒಬ್ಬ ದೊಡ್ಡ ಆಸಾಮಿ ಕಾದಿರುತ್ತಾನೆ, ಬಾಸ್ ಎನ್ನುತ್ತಾರೆ. ಮೂರನೆಯ ಲೆವೆಲ್ಲಿನ ಬಾಸ್ ಒಬ್ಬ ಕುರುಡು ಕಮ್ಮಾರ. ತೆಂಗಿನ ಮರದೆತ್ತರದವನು, ಕೈಯಲ್ಲಿ ಎತ್ತಿನ ಗಾಡಿಯಷ್ಟು ದೊಡ್ಡ ಸುತ್ತಿಗೆ. ಕಣ್ಣಿಲ್ಲದ ಅವನು ನಮ್ಮ ಹೆಜ್ಜೆಯ ಸದ್ದು ಕೇಳಿ ಹೊಡೆಯುತ್ತಾನೆ. ರಾಗಿ ಬಿತ್ತನೆಗೆ ಮುಂಚೆ ಅವನೆದುರು ಹೋಗಿ ನಿಂತವನು ರಾಗಿ ಕೊಯ್ಲು ಮುಗಿದರೂ ಅಲ್ಲೇ ಸಾಯುತ್ತಿದ್ದೆ.

ಸಾಯುವುದಕ್ಕೆ ಕಾರಣವಿತ್ತು. ನಮ್ಮ ಸೀಮೆಯಲ್ಲಿ ಮಕ್ಕಳು ಮುಂದೆ ನೋಡುವುದಕ್ಕಿಂತ ಮೊದಲು ಮೇಲೆ ನೋಡುವುದನ್ನು ಕಲಿಯುತ್ತಾರೆ. ಎಲ್ಲಿ ಕಾಲಿಟ್ಟರೂ ತಲೆಯ ಮೇಲೆ ಒಂದು ಒಣಗರಿಯೋ ಕಾಯಿಯೋ ಇದ್ದೇ ಇರುತ್ತದೆ. ಮದುವೆ ಛತ್ರಕ್ಕೆ ಹೋದರೂ ನಾನು ಮೊದಲು ಫ್ಯಾನು ನೋಡಿಯೇ ಎಲೆಯ ಮುಂದೆ ಕೂರುವುದು. ಆಟದಲ್ಲೂ ಹಾಗೆಯೇ. ಕಮ್ಮಾರನ ಬಾಗಿಲು ದಾಟಿದ ಕೂಡಲೇ ನನ್ನ ಹೆಬ್ಬೆರಳು ತಾನೇ ತಾನಾಗಿ ನೋಟವನ್ನು ಮೇಲಕ್ಕೆತ್ತುತ್ತದೆ. ಮೇಲೆ ಬರೀ ಹೊಗೆ. ಅಷ್ಟರಲ್ಲಿ ಸುತ್ತಿಗೆ ಎದುರಿನಿಂದ ಬಂದಾಗಿರುತ್ತದೆ.

‘ಅಪ್ಪಾ, ಅಲ್ಲಿ ಮರ ಇಲ್ಲ ಕಣಪ್ಪ, ಮುಂದೆ ನೋಡು’ ಎಂದು ಸಹನಾ ಬೇಕಾದಷ್ಟು ಹೇಳಿದಳು. ಕೊನೆಗೆ ‘ಗಂಟೆ ಹೊಡಿ, ನಾನು ಬತ್ತೀನಿ’ ಎಂದಳು. ಕಮ್ಮಾರನ ಬಾಗಿಲ ಪಕ್ಕದಲ್ಲಿ ಒಂದು ಗಂಟೆ ನೇತಾಡುತ್ತದೆ. ಅದನ್ನು ಬಾರಿಸಿದರೆ ಎರಡನೆಯ ಕಂಟ್ರೋಲರ್ ಹಿಡಿದವರು ಜೊತೆಗಾರರಾಗಿ ಒಳಗೆ ಬರಬಹುದು. ಮೂಟೆಗೆ ಕೈ ಹಾಕಿಸಿಕೊಳ್ಳದವನು ಗಂಟೆ ಬಾರಿಸುತ್ತೇನೆಯೇ? ‘ಅದು ಕೈಲಾಗದೋರಿಗೆ ಕಣಮ್ಮ’ ಎಂದು ಹೇಳಿ ಮತ್ತೊಮ್ಮೆ ಹೋಗಿ ಸತ್ತೆ.

ಇದೆಲ್ಲ ಮನೆಯೊಳಗಿನ ಕಷ್ಟ, ಮನೆಯೊಳಗೇ ಇರುತ್ತಿತ್ತು. ಆದರೆ ದಂಡಿನಶಿವರದಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಮಂಜುನಾಥ, ತುರುವೇಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ತಂದೆ ಷಡಕ್ಷರಪ್ಪನವರು ತೋಟದ ಕುಳ. ಹುಡುಗ ಹುಡುಗಿ ಒಂದೆರಡು ಸಲ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದರು. ಉಳಿದದ್ದು ಹುಡುಗಿಯ ಕಡೆಯವರು ಹೋಗಿ ಮನೆ ನೋಡಿ ಬರುವ ಶಾಸ್ತ್ರ. ನಮ್ಮಲ್ಲಿ ಮನೆ ನೋಡುವುದೆಂದರೆ ತೋಟ, ಕೊಟ್ಟಿಗೆ, ಕೊನೆಗೆ ಅಟ್ಟ. ಕಾಯಿ ಅಟ್ಟದ ಮೇಲೆ ಸಿಪ್ಪೆ ಸಮೇತ ವರ್ಷ ತುಂಬ ಕೂತು, ಒಳಗೊಳಗೇ ಒಣಗಿ ಕೊಬ್ಬರಿಯಾಗಬೇಕು. ಮನೆಯವರಿಗೆ ತಾಳ್ಮೆ ಇದೆಯೋ ಇಲ್ಲವೋ ಎಂದು ಅವರನ್ನು ಕೇಳಬೇಕಾಗಿಲ್ಲ, ಅಟ್ಟ ಹೇಳುತ್ತದೆ.

ಈ ಶಾಸ್ತ್ರಕ್ಕೆ ನನ್ನನ್ನು ಕಳಿಸಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಹಿಂದೆ ನೊಣವಿನಕೆರೆಯ ಒಂದು ಸಂಬಂಧ ನನ್ನಿಂದಲೇ ಮುರಿದಿತ್ತು. ಆ ಮನೆಯವರು ತೆಂಗಿನ ಸಸಿಗಳನ್ನು ಬದನೆ ಸಸಿಯ ಹಾಗೆ ಒತ್ತೊತ್ತಾಗಿ ನೆಟ್ಟಿದ್ದರು, ನಾನು ಹೇಳಿದೆ, ಅವರು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಈಗಲೂ ನಾನೇ ಸರಿ. ಆದರೆ ಸರಿಯಾಗಿರುವವನ ಮಗಳಿಗೆ ಮದುವೆಯಾಗಬೇಡವೇ ಎಂದು ಗಿರಿಜಾ ಕೇಳುತ್ತಾಳೆ.

‘ಕಾಫಿ ಕುಡೀರಿ, ತಲೆ ಆಡ್ಸಿ, ಎದ್ದು ಬನ್ನಿ. ಬಾಯಿ ಮನೇಲೇ ಬುಟ್ಟು ಬನ್ನಿ’ ಎಂದಳು ಹೊರಡುವ ಬೆಳಿಗ್ಗೆ. ಸಹನಾ ಗೇಟಿನವರೆಗೆ ಬಂದಳು. ‘ಅಪ್ಪಾ, ಅಲ್ಲಿ ಏನ್ ಕಂಡ್ರೂ ವಾದ ಮಾಡ್ಬೇಡ. ನಂಗೆ ಈ ಮನೆ ಬೇಕು’ ಎಂದಳು. ಚಿಕ್ಕವಳಿದ್ದಾಗ ಬಳೆ ಬೇಕು ಎಂದು ಕೂಡ ಕೇಳಿದವಳಲ್ಲ. ಆ ‘ಬೇಕು’ ಹೊತ್ತುಕೊಂಡೇ ದಂಡಿನಶಿವರಕ್ಕೆ ಹೋದೆ.

ತೋಟ ನೋಡಿದೆ, ಬಾಯಿ ಬಿಡಲಿಲ್ಲ. ಕೊಟ್ಟಿಗೆ ನೋಡಿದೆ, ಬಿಡಲಿಲ್ಲ. ಷಡಕ್ಷರಪ್ಪನವರು ‘ಯಜಮಾನ್ರು ಮಾತು ಕಮ್ಮಿ ಅಂತ ಕಾಣುತ್ತೆ’ ಎಂದಾಗ ಜೊತೆಗೆ ಬಂದಿದ್ದ ಗಿರಿಜಾ ನೆಲ ನೋಡಿದಳು. ಅಟ್ಟಕ್ಕೆ ಮಂಜು ನನ್ನನ್ನು ಕರೆದೊಯ್ದ. ಏಣಿ ಹತ್ತಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಗುಡುಗುಡು ಎಂದಿತು. ಒಳ್ಳೆಯ ಮನೆ. ಇಳಿಯೋಣ ಎಂದು ತಿರುಗಿದರೆ ಕಾಯಿ ರಾಶಿಯ ಪಕ್ಕ ಒಂದು ಚಾಪೆ, ಚಾಪೆಯ ಮುಂದೆ ಟೀವಿ, ಟೀವಿಯಲ್ಲಿ ಆಟ ಅರ್ಧಕ್ಕೆ ನಿಂತಿದೆ. ಕಮ್ಮಾರನ ಬಾಗಿಲಿಗೆ ಹೋಗುವ ಕಲ್ಲು ಮೆಟ್ಟಿಲು.

ನಾನು ಮನಸ್ಸಿನಲ್ಲೇ ಸಹನಾಳ ಮುಖ ನೆನೆಸಿಕೊಂಡೆ. ಆದರೂ ಬಾಯಿ ತಾನಾಗಿ ಕೇಳಿತು: ‘ಎಷ್ಟ್ ದಿನದಿಂದ ಇಲ್ಲೇ ಇದೀಯಪ್ಪ?’

ಮಂಜು ನನ್ನನ್ನು ನೋಡಿದ, ಟೀವಿ ನೋಡಿದ. ‘ಈ ಲೆವೆಲ್ ಮಾಡ್ದೋನಿಗೆ ತಲೆ ಇಲ್ಲ ಬುಡಿ ಸಾರ್’ ಎಂದ. ‘ದೀಪ ಒಂದ್ ಕಡೆ, ಬಾಸ್ ಒಂದ್ ಕಡೆ. ಸತ್ತಾಗೆಲ್ಲ ಅಷ್ಟುದ್ದ ಮೆಟ್ಲು ಹತ್ಬೇಕು. ಬಾಗ್ಲತ್ರನೇ ಒಂದ್ ದೀಪ ಮಡಗಿದ್ರೆ ಅವರಪ್ಪನ ಗಂಟು ಹೋಗ್ತಿತ್ತಾ?’

ತೆಂಗಿನ ಸಾಲಿನ ವಿಚಾರವಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಇದು ಆ ಮೆಟ್ಟಿಲಿನ ವಿಚಾರ. ಅಲ್ಲಿ ಸರಪಳಿಗೆ ಕಟ್ಟಿದ ಗುಂಡುಕಲ್ಲುಗಳು ತೂಗುತ್ತಿರುತ್ತವೆ. ಎರಡು ನೇರವಾಗಿ ಬರುತ್ತವೆ, ಮೂರನೆಯದು ಒಂದು ಗಳಿಗೆ ನಿಂತು ಆಮೇಲೆ ಬರುತ್ತದೆ. ಕಮ್ಮಾರನ ಸುತ್ತಿಗೆಯೂ ಹೀಗೆಯೇ ಎರಡು ಸಲ ನೇರ ಇಳಿದು, ಮೂರನೆಯ ಸಲ ಗಾಳಿಯಲ್ಲಿ ನಿಂತು ಇಳಿಯುತ್ತದೆ. ಹೊಡೆತ ತಿನ್ನುವ ಮೊದಲೇ ಹೊಡೆತದ ತಾಳ ಕಲಿಸುವ ಮೆಟ್ಟಿಲು ಅದು. ‘ಆ ಮೆಟ್ಲೇ ಇಸ್ಕೂಲು ಕಣಪ್ಪ. ಅಲ್ಲಿ ಕಲ್ತೋನು ಒಳಗೆ ಸಾಯಲ್ಲ’ ಎಂದೆ.

‘ಪಾಠ ಒಂದ್ಸಲ ಹೇಳಿದ್ರೆ ಸಾಕು ಸಾರ್. ಅದನ್ನೇ ದಿನಾ ಹೇಳ್ತಿದ್ರೆ ಎಂಥೋನೂ ಇಸ್ಕೂಲ್ ಬುಡ್ತಾನೆ.’

ನಾನು ಓದು ಬಿಟ್ಟದ್ದನ್ನು ಇವನಿಗೆ ಯಾರು ಹೇಳಿದರು ಎಂದು ಒಂದು ಕ್ಷಣ ದಂಗಾದೆ. ಯಾರೂ ಹೇಳಿರಲಿಲ್ಲ, ಬಾಯಿಗೆ ಬಂದದ್ದು ಆಡಿದ್ದ. ಆದರೆ ಕಿವಿ ಬಿಸಿಯಾದ ಮೇಲೆ ವಿಚಾರಣೆ ಯಾರು ಮಾಡುತ್ತಾರೆ? ನನ್ನ ದನಿ ಏರಿತು, ಅವನದೂ ಏರಿತು. ಎತ್ತಿದ ಸುತ್ತಿಗೆ ಇಳಿಯಬೇಕು, ನಾವು ತಪ್ಪಿಸಿಕೊಳ್ಳುವ ತನಕ ಕಾದು ಹೊಡೆಯುವುದು ಮೋಸ ಎಂದು ಅವನು. ಕಮ್ಮಾರ ಕುರುಡ, ನಿನ್ನ ಹೆಜ್ಜೆ ಕೇಳುವ ತನಕ ಕಾಯುತ್ತಾನೆ, ನೀನು ಸುಮ್ಮನೆ ನಿಂತರೆ ಅವನೂ ಸುಮ್ಮನಿರುತ್ತಾನೆ, ಅದೇ ನ್ಯಾಯ ಎಂದು ನಾನು.

‘ಅಷ್ಟೆಲ್ಲ ಗೊತ್ತಿರೋರು ನೀವು ಅವನ್ನ ಗೆದ್ದಿದೀರಾ?’ ಎಂದ.

ಅಟ್ಟದ ಹಲಗೆಯ ಸಂದಿಯಿಂದ ಗಿರಿಜಾಳ ‘ರೀ’ ಒಂದೇ ಒಂದು ಬಂತು. ಅದರ ಹಿಂದೆಯೇ ಷಡಕ್ಷರಪ್ಪನವರ ‘ಏನ್ಲಾ ಮಂಜಾ ಅದು?’

ಮಂಜು ದನಿ ಇಳಿಸಿದ. ‘ಗಂಟೆ ಹೊಡೆದಿದೀರಾ ಸಾರ್?’

‘ಅದು ಕೈಲಾಗದೋರಿಗೆ.’

‘ಮೆಟ್ಲು ಮಾಡ್ದೋನೂ ಅವ್ನೇ, ಸುತ್ತಿಗೆ ಮಾಡ್ದೋನೂ ಅವ್ನೇ, ಗಂಟೆ ಕಟ್ದೋನೂ ಅವ್ನೇ. ಅವೆರಡು ಸರಿ ಅಂತೀರ, ಗಂಟೆ ಒಂದು ತಪ್ಪಾ?’

‘ತತ್ತಾ ಇಲ್ಲಿ’ ಎಂದು ಕಂಟ್ರೋಲರ್ ಕಿತ್ತುಕೊಂಡು ಚಾಪೆಯ ಮೇಲೆ ಕೂತೆ. ಬಿಳಿ ಪಂಚೆ, ಹೆಗಲ ಮೇಲೆ ಜರಿ ಟವೆಲ್ಲು. ಮೆಟ್ಟಿಲನ್ನು ಒಂದು ಕಲ್ಲೂ ತಾಗದ ಹಾಗೆ ಹತ್ತಿದೆ, ಅವನು ನೋಡುತ್ತಿದ್ದಾನೆ ಎಂದು ಓರೆಗಣ್ಣಿನಿಂದ ಖಚಿತ ಮಾಡಿಕೊಂಡೆ. ಬಾಗಿಲು ದಾಟಿದೆ. ಹೆಬ್ಬೆರಳು ನೋಟವನ್ನು ಮೇಲಕ್ಕೆತ್ತಿತು. ಹೊಗೆ. ಸುತ್ತಿಗೆ.

ನಗುತ್ತಾನೆ ಎಂದು ಕಾದೆ. ನಗಲಿಲ್ಲ. ‘ನಾನೂ ಮೇಲೇ ನೋಡೋದು ಸಾರ್. ಏನ್ ಮಾಡಿದ್ರೂ ಬುಡಕ್ಕಾಗ್ತಿಲ್ಲ’ ಎಂದ. ತೋಟದ ಮನೆಯ ಹುಡುಗ. ಆಗಲೇ ನಾನು ಎದ್ದು, ಅವನ ಬೆನ್ನು ತಟ್ಟಿ ಇಳಿದುಬಿಡಬಹುದಿತ್ತು. ಸೋತವನು ಬೆನ್ನು ತಟ್ಟುವುದು ಹೇಗೆ? ಮತ್ತೆ ಹೋದೆ, ಮತ್ತೆ ಸತ್ತೆ. ಕೆಳಗಿನಿಂದ ಷಡಕ್ಷರಪ್ಪನವರು ‘ಇಳೀರಿ ಯಜಮಾನ್ರೇ, ಕಾಫಿ ಆರೋಯ್ತು’ ಎಂದರು. ಆ ದನಿಯಲ್ಲಿ ಕಾಫಿಗಿಂತ ಹೆಚ್ಚು ಆರಿದ್ದು ಬೇರೇನೋ ಇತ್ತು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಸಹನಾ. ‘ಅಪ್ಪಾ, ಅಮ್ಮ ಫೋನ್ ಮಾಡಿದ್ಲು. ಅಟ್ಟದ ಮೇಲೆ ಜಗಳ ಅಂದ್ಲು. ಹೋಯ್ತಾ?’ ದಿನವಿಡೀ ಊರವರ ರಕ್ತ ತೆಗೆದರೂ ನಡುಗದವಳ ದನಿ ಆ ‘ಹೋಯ್ತಾ’ದಲ್ಲಿ ನೂಲಿನಷ್ಟು ಸಣ್ಣಗಾಗಿತ್ತು.

‘ಇನ್ನೂ ಇಲ್ಲ ಕಣಮ್ಮ. ಕಮ್ಮಾರನ ವಿಚಾರ’ ಎಂದೆ.

‘ಅವರೂ ಅದನ್ನೇ ಆಡ್ತಾರೆ ಅಂತ ನಂಗೊತ್ತಿತ್ತು. ಅದಕ್ಕೇ ಏನ್ ಕಂಡ್ರೂ ಸುಮ್ನಿರು ಅಂದಿದ್ದು.’ ಆಮೇಲೆ, ‘ಅಪ್ಪಾ, ಗಂಟೆ ಹೊಡಿ.’

ಮೂವತ್ತು ವರ್ಷ ಹೊತ್ತ ಮೂಟೆಗಳೆಲ್ಲ ಒಟ್ಟಿಗೆ ಹೆಬ್ಬೆರಳ ಮೇಲೆ ಕೂತ ಹಾಗಾಯಿತು. ಮತ್ತೆ ಮೆಟ್ಟಿಲು ಹತ್ತಿದೆ. ಬಾಗಿಲ ಮುಂದೆ ನಿಂತೆ. ಗುಂಡಿ ಒತ್ತಿದೆ. ಗಂಟೆಯ ಸದ್ದು ಅಟ್ಟದ ತುಂಬ ಹರಡಿ ಕಾಯಿ ರಾಶಿಯೊಳಗೆ ಇಳಿಯಿತು. ಅವನು ಕಾಯಿಗಳ ಸಂದಿಯಿಂದ ಎರಡನೆಯ ಕಂಟ್ರೋಲರ್ ಎಳೆದುಕೊಂಡು ಚಾಪೆಯ ಇನ್ನೊಂದು ತುದಿಗೆ ಕೂತ.

ಒಳಗೆ ಹೋದೆವು. ಕಮ್ಮಾರ ಕಿವಿ ಆನಿಸಿದ. ಸುತ್ತಿಗೆ ಒಂದು, ಎರಡು, ಮೂರನೆಯದು ಗಾಳಿಯಲ್ಲಿ ನಿಂತಿತು. ಮಂಜು ಅದರ ನೇರ ಕೆಳಗಿದ್ದ. ನನಗೆ ತೋಟದಲ್ಲಿ ಮರದ ಬುಡದಲ್ಲಿ ನಿಂತವನನ್ನು ಕಂಡ ಹಾಗಾಯಿತು. ‘ಎಡಕ್ ಬಾರ್ಲಾ, ಎಡಕ್ ಬಾ’ ಎಂದು ಕೂಗಿಬಿಟ್ಟೆ.

ಕೂಗಿದ ಮೇಲೆ ಕೇಳಿಸಿತು, ಏನು ಕೂಗಿದೆ ಎಂದು. ಮನೆ ನೋಡಲು ಬಂದ ದಿನ, ಹುಡುಗನ ಸ್ವಂತ ಅಟ್ಟದಲ್ಲಿ, ಅವನ ಅಪ್ಪನ ಕಿವಿಗೆ ಬೀಳುವ ಹಾಗೆ, ಮದುವಣಿಗನನ್ನು ‘ನೀನು’ ಎಂದದ್ದು ಸಾಲದೆ ‘ಲಾ’ ಅಂದಿದ್ದೆ. ನಮ್ಮ ಕಡೆ ಅಳಿಯನನ್ನು ಮದುವೆಯಾಗಿ ಮಕ್ಕಳಾದ ಮೇಲೂ ‘ಬನ್ನಿ, ಹೋಗಿ’ ಎನ್ನುತ್ತೇವೆ.

ಮಂಜು ಟೀವಿಯಿಂದ ಕಣ್ಣು ತೆಗೆಯದೆ, ‘ಬಂದೆ ಮಾವ. ನೀವು ಸುಮ್ನೆ ನಿಂತ್ಕಳಿ, ಅವ್ನು ನನ್ ಸದ್ದಿಗೆ ತಿರುಗ್ಲಿ’ ಎಂದ.

ನಾನು ನಿಂತೆ. ಜೀವಮಾನದಲ್ಲಿ ಇನ್ನೊಬ್ಬ ಹೇಳಿದ ಎಂದು ಸುಮ್ಮನೆ ನಿಂತದ್ದು ಅದೇ ಮೊದಲು. ಕಮ್ಮಾರ ಅವನ ಕಡೆ ತಿರುಗಿದ, ನಾನು ಹಿಂದಿನಿಂದ ಹೊಡೆದೆ. ನನ್ನ ಕಡೆ ತಿರುಗಿದ, ಅವನು ಹೊಡೆದ. ಕಮ್ಮಾರನ ಜೀವ ಅರ್ಧಕ್ಕೆ ಇಳಿದಾಗ ನಾವಿಬ್ಬರೂ ಹಿಂದೆಂದೂ ಕಾಣದ ಒಂದು ಕೆಲಸ ಮಾಡಿದ. ಸುತ್ತಿಗೆಯಿಂದ ಗೋಡೆಗೆ ಬಡಿದು ಚಾವಣಿಯನ್ನೇ ಉದುರಿಸಿದ. ನಾವಿಬ್ಬರೂ ಒಂದೇ ಸಲ ಮೇಲೆ ನೋಡಿದೆವು, ಒಂದೇ ಸಲ ಪಕ್ಕಕ್ಕೆ ಸರಿದೆವು. ಆ ಕೋಟೆಯಲ್ಲಿ ಮೇಲೆ ನೋಡಿದ್ದು ಕೆಲಸಕ್ಕೆ ಬಂದದ್ದು ಅದೊಂದೇ ಸಲ. ಆ ಹೆಮ್ಮೆಯಲ್ಲಿ ನಾನು ಮುಂದೆ ನೋಡುವುದನ್ನು ಮರೆತೆ, ಸುತ್ತಿಗೆ ಬಂತು, ಸತ್ತೆ. ಸತ್ತು ಬಿದ್ದಲ್ಲಿಂದಲೇ ಸಲಹೆ ಕೊಡುತ್ತಿದ್ದೆ. ಕಮ್ಮಾರನನ್ನು ಕೆಡವಿದ್ದು ಮಂಜು.

ಏಣಿಯ ಬುಡದಲ್ಲಿ ಷಡಕ್ಷರಪ್ಪನವರು ಕೈ ಕಟ್ಟಿ ನಿಂತಿದ್ದರು. ಗಿರಿಜಾ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

‘ಲಾ ಅಂದ್ರಲ್ಲ ಯಜಮಾನ್ರೇ’ ಎಂದರು ಷಡಕ್ಷರಪ್ಪನವರು.

ನಾನು ಟವೆಲ್ಲು ಸರಿಮಾಡಿಕೊಂಡೆ. ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಅದು ನಿಜವಾಗಿಯೂ ಮನೆಯಲ್ಲೇ ಉಳಿದಿತ್ತು.

‘ಈ ಮನೇಲಿ ಅವನ್ನ ಹಂಗೆ ಅನ್ನೋನು ನಾನೊಬ್ನೇ ಇದ್ದೆ. ಅಂದೂ ಅಂದೂ ಸಾಕಾಗಿತ್ತು. ನಾನು ಕರೆದ್ರೆ ಅಟ್ಟದಿಂದ ಇಳಿಯಲ್ಲ ಬಡ್ಡೀಮಗ, ನೀವು ಅಂದ್ರೆ ಬಂದೆ ಅಂತಾನೆ. ಇನ್ಮೇಲೆ ನೀವೇ ಅನ್ಕಳಿ.’ ಒಳಕ್ಕೆ ತಿರುಗಿ, ‘ಎಲೆ ಹಾಕ್ರಮ್ಮ’ ಎಂದರು. ನಮ್ಮಲ್ಲಿ ಮಾತು ಕೂಡದೆ ಎಲೆ ಹಾಕುವುದಿಲ್ಲ. ಗಿರಿಜಾ ಹಿತ್ತಲಿಗೆ ಹೋಗಿ ಮಗಳಿಗೆ ಫೋನ್ ಮಾಡಿ ಬಂದಳು, ಕಣ್ಣು ಒರೆಸಿಕೊಂಡೇ ಬಂದಳು.

ಮದುವೆ ಮಾತು ಮುಗಿದಿದೆ, ದೀಪದ ಮಾತು ಮುಗಿದಿಲ್ಲ. ದೀಪ ಬಾಗಿಲ ಬಳಿ ಇರಬೇಕು ಎಂದು ಮಂಜು ವಾರಕ್ಕೊಮ್ಮೆ ಫೋನಿನಲ್ಲಿ ಶುರು ಮಾಡುತ್ತಾನೆ. ನಾನು ಒಪ್ಪಿಲ್ಲ. ‘ನಮ್ಮನೇಲೂ ಗಂಟೆ ಹೊಡೀಲೇನಪ್ಪ, ನಾನಿದೀನಲ್ಲ’ ಎಂದು ಸಹನಾ ಕೇಳಿದಳು. ಒಂದು ಸಲ ಹೊಡೆದದ್ದು ಮಗಳಿಗಾಗಿ, ಸ್ವಂತಕ್ಕೆ ಹೊಡೆಯುವವನು ನಾನಲ್ಲ ಎಂದೆ. ಹೇಳಿ, ಹೋಗಿ, ಮೇಲೆ ನೋಡಿ, ಸತ್ತೆ.

ಸ್ವಂತ ದುಡಿಮೆಯಿಂದ ಈಗ ನನಗಿರುವುದು ಇಷ್ಟು: ತೋಟ ಒಂದು, ಮನೆ ಒಂದು, ಅದರ ಮೇಲೆ ಅಟ್ಟ ಒಂದು. ಹೆಂಡತಿ ಒಬ್ಬಳು, ಮಗಳು ಒಬ್ಬಳು, ಆಗಲಿರುವ ಅಳಿಯ ಒಬ್ಬ. ದಂಡಿನಶಿವರದ ಅಟ್ಟದಲ್ಲಿ ಸತ್ತ ಕಮ್ಮಾರ, ಅರ್ಧ. ನಮ್ಮ ಮನೆಯ ಟೀವಿಯಲ್ಲಿ ಬದುಕಿರುವ ಕಮ್ಮಾರ, ಪೂರ್ತಿ ಒಬ್ಬ.