ಮೋಟಾರಿನ ಕಟಕಟ ನಿಲ್ಲಿಸಿದ್ದು

ಆಗ ನನಗೆ ಹತ್ತೊಂಬತ್ತು ವರ್ಷ. ಅದಾಗಿ ಅರವತ್ತು ವರ್ಷ ಕಳೆಯಿತು. ಇಷ್ಟು ಹಳೆಯ ತಪ್ಪನ್ನು ಹೇಳಿಕೊಂಡರೆ ಯಾರೂ ಬೈಯುವುದಿಲ್ಲ. ಬೈಯಬೇಕಾದವರು ಉಳಿದೇ ಇಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ನನ್ನ ಧೈರ್ಯ ಯಾವಾಗಲೂ ಹೀಗೇ, ಬೇಡವಾದ ಮೇಲೆ ಬರುತ್ತದೆ.

ನನ್ನ ಗಂಡ ಕುಷ್ಟಗಿಯ ಗೌಡರೊಬ್ಬರ ಮೋಟಾರು ಗಾಡಿ ನಡೆಸುತ್ತಿದ್ದರು. ಅದರ ಸದ್ದಿಗೆ ಬೆದರಿ ಗೌಡರ ಎತ್ತುಗಳು ಗೂಟ ಕೀಳುತ್ತಿದ್ದವಂತೆ, ಹಾಗಾಗಿ ಮೋಟಾರು ನಿಲ್ಲುತ್ತಿದ್ದುದು ನಮ್ಮ ಅಂಗಳದಲ್ಲಿ. ನನಗೆ ಸೊಕ್ಕು ಬರಲು ಅಷ್ಟು ಸಾಕಾಗಿತ್ತು. ಒಂದು ದಿನ ಗೌಡತಿ ನಾಲ್ಕು ಹೆಂಗಸರ ಮುಂದೆ, “ನಿನ್ನ ಗಂಡನ ಮೋಟಾರು ಮಗ್ಗದಂಗ ಕಟಕಟ ಅಂತೈತಲ್ಲಬೇ! ಕೊಪ್ಪಳ ಮುಟ್ಟೂದರಾಗ ಒಂದು ಸೀರಿ ನೇಯಬಹುದು ನೋಡು” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆ ಕಟಕಟ ನಿಲ್ಲಿಸಲೇಬೇಕೆಂದುಕೊಂಡೆ.

ಇಂಜಿನಿನ ತಲೆಯೊಳಗೆ ವಾಲುಗಳೆಂಬ ಚಿಕ್ಕ ಬಾಗಿಲುಗಳಿರುತ್ತವೆ. ಕೆಲವು ಗಾಳಿ ಒಳಗೆ ಬಿಡುತ್ತವೆ, ಕೆಲವು ಹೊಗೆ ಹೊರಗೆ ಬಿಡುತ್ತವೆ. ಅವನ್ನು ಒತ್ತುವ ಕಬ್ಬಿಣದ ತೋಳಿಗೂ ಬಾಗಿಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಆ ಸಂದನ್ನು ಅಳೆಯಲು ಉಕ್ಕಿನ ಎರಡು ಪಟ್ಟಿ: ಗಾಳಿಯ ಬಾಗಿಲಿಗೆ ತೆಳುವಾದದ್ದು, ಹೊಗೆಯ ಬಾಗಿಲಿಗೆ ದಪ್ಪನೆಯದು. ಪಟ್ಟಿಯ ದಪ್ಪದಷ್ಟೇ ಸಂದು ಉಳಿಯುವಂತೆ ಬಿಗಿಯಲು ಗಂಡನ ಒಂದು ಕೈಯಲ್ಲಿ ನಟ್ಟು ಹಿಡಿಯುವ ಪಾನಾ, ಇನ್ನೊಂದರಲ್ಲಿ ಪೇಚು ತಿರುಗಿಸುವ ಪೇಚಕಸ. ಪಟ್ಟಿ ಹಿಡಿಯುವ ಮೂರನೆಯ ಕೈ ನನ್ನದು.

ಆವತ್ತು ಬೆಳಿಗ್ಗೆ ಅವರು ಆ ಕೆಲಸಕ್ಕೆ ಕೂತಾಗ ಕೇಳಿದೆ: “ಈ ಸಂದು ಮುಚ್ಚಿಬಿಟ್ರ ಕಟಕಟ ನಿಲ್ಲತೈತಲ್ರಿ?”

“ನಿಲ್ಲತೈತಿ. ಅದರ ಹಿಂದ ಮೋಟಾರೂ ನಿಲ್ಲತೈತಿ. ಬಿಸಿ ಆದಮ್ಯಾಲ ಕಬ್ಬಿಣ ಬೆಳಿತೈತಿ, ಅದಕ್ಕ ಜಾಗಾ ಬೇಕು.”

“ನನ್ನ ಹಂಚು ದಿನಾ ಒಲಿ ಮ್ಯಾಲೆ ಐತಿ. ಎಂದಾದರ ಬೆಳದೈತೇನ್ರಿ?”

“ಕಮ್ಮಾರನ ಮಗಳಾಗಿ ಎಂಥಾ ಮಾತಾಡ್ತಿ! ನಿಮ್ಮಪ್ಪ ಗಾಲಿಗೆ ಹಳಿ ಏರಸೋಮುಂದ ಅದನ್ನ ಕಾಸೋದು ಯಾಕ?”

“ಅದು ಬಂಡಿರಿ, ಇದು ಮೋಟಾರು.”

ಗೊತ್ತಿಲ್ಲದೆ ಆಡಿದ ಮಾತಲ್ಲ. ಕೆಂಪಗೆ ಕಾದ ಕಬ್ಬಿಣದ ಹಳಿ ದೊಡ್ಡದಾಗಿ ಕಟ್ಟಿಗೆಯ ಗಾಲಿಯ ಮೇಲೆ ಕೂತ ಮೇಲೆ ಅದಕ್ಕೆ ನೀರು ಸುರಿಯುತ್ತಿದ್ದವಳೇ ನಾನು. ಆದರೆ ಕಿವಿಯಲ್ಲಿ ಗೌಡತಿಯ ನಗು ಕೂತಿತ್ತು. ಗಂಡ “ದಪ್ಪಂದು ಹಾಕು” ಎಂದಾಗಲೆಲ್ಲ ತೆಳುವಾದದ್ದನ್ನೇ ತೂರಿಸಿ “ಹಾಕೀನ್ರಿ” ಎಂದೆ. ಅವರ ಕಣ್ಣು ಪೇಚಿನ ಮೇಲಿತ್ತು. ನನ್ನನ್ನು ನೋಡಬೇಕೆಂದು ಅವರಿಗೆ ಅನಿಸಲೇ ಇಲ್ಲ.

ಚಾಲೂ ಮಾಡಿದಾಗ ಮೋಟಾರು ಹಾಲು ಕುಡಿದ ಕೂಸಿನಂತೆ ಸುಮ್ಮನಿತ್ತು. “ಭಾಳ ಮೆತ್ತಗಾತಲ್ಲ, ಇನ್ನೊಮ್ಮೆ ನೋಡತೀನಿ” ಎಂದು ಗಂಡ ಪಾನಾ ಎತ್ತುವಷ್ಟರಲ್ಲಿ ಗೌಡರು ಬಂದು, “ನಡಿಯೋ, ಕೊಪ್ಪಳದಾಗ ಪೇಶಿಗೆ ಹೊತ್ತಾತು!” ಎಂದು ಕೂಗಿದರು. ಗೌಡರ ಹೊಲದ ತಕರಾರು ಅಂದು ಕಚೇರಿಯ ವಿಚಾರಣೆಯಲ್ಲಿ ತೀರ್ಮಾನವಾಗಬೇಕಿತ್ತು. ಸದ್ದಿಲ್ಲದೆ ಹೊರಟ ಮೋಟಾರನ್ನು ನಾನು ಬೀದಿಯ ತುದಿಯವರೆಗೆ ನೋಡಿದೆ, ಯಾರ್ಯಾರು ನೋಡುತ್ತಿದ್ದಾರೆಂದೂ ನೋಡಿದೆ.

ಅರ್ಧ ದಾರಿಯ ಏರಿನಲ್ಲಿ ಕಬ್ಬಿಣ ಬೆಳೆಯಿತು. ಹೊಗೆಯ ಬಾಗಿಲುಗಳು ಮುಚ್ಚದೆ ಮೋಟಾರು ಉಸಿರು ಕಳೆದುಕೊಂಡಿತು. ಗೌಡರು ಮೇವಿನ ಬಂಡಿ ಹತ್ತಿ ಕೊಪ್ಪಳ ಮುಟ್ಟಿದಾಗ ಪೇಶಿ ಮುಗಿದು ಹೊಲ ಎದುರಾಳಿಯ ಪಾಲಾಗಿತ್ತು.

“ನನ್ನ ಕೈ ತಪ್ಪೇತ್ರಿ” ಎಂದು ಗೌಡರ ಮುಂದೆ ಒಪ್ಪಿಕೊಂಡು, ಕೆಲಸ ಕಳೆದುಕೊಂಡು ಗಂಡ ಸಂಜೆ ಮನೆಗೆ ಬಂದರು. ಕೇಳಿದ್ದು ಒಂದೇ ಮಾತು. “ದಪ್ಪ ಪಟ್ಟೀನ ಹಾಕಿದ್ದಿ, ಹೌದಲ್ಲ?”

“ಹೌದ್ರಿ” ಎಂದೆ.

“ಹಂಗಾರ ನನ್ನ ಕೈನೇ ಕೆಟ್ಟಾವು ಬಿಡು.”

ಮುಂದೆ ಎಷ್ಟೋ ವರ್ಷ ಯಾರ್ಯಾರದೋ ಲಾರಿ ನಡೆಸಿದರು. ಆದರೆ ಇಂಜಿನಿನ ಮುಚ್ಚಳ ತೆರೆಯಬೇಕಾದಾಗ ಬೇರೆಯವರನ್ನು ಕರೆದು ದೂರ ನಿಲ್ಲುತ್ತಿದ್ದರು. ಸಾಯುವವರೆಗೂ ತಮ್ಮ ಕೈಯನ್ನು ನಂಬಲಿಲ್ಲ. ನನ್ನನ್ನು ನಂಬಿದರು.

ನಿಜ ಹೇಳಲು ಹೋಗಲೇ ಇಲ್ಲವೇ ಎಂದರೆ, ಹೋಗಿದ್ದೆ. ಮರುದಿನ ಬೆಳಿಗ್ಗೆ ಎದ್ದವಳೇ ತಪ್ಪು ನನ್ನದೆಂದು ಒಪ್ಪಿ ಗಂಡನ ಕೆಲಸ ಬೇಡಲು ಗೌಡರ ಮನೆಗೆ ಹೋದೆ. ಗೌಡತಿ ಹೊಸ್ತಿಲಲ್ಲೇ ನಿಂತು, “ಯಾಕಬೇ, ಮತ್ತೇನು ಉಳದೈತಿ?” ಅಂದರು.

“ಒಂದೀಟು ಮಜ್ಜಿಗಿ ಇದ್ರ ಕೊಡ್ರಿ ಅವ್ವಾರ” ಎಂದೆ.

ಕೊಟ್ಟರು. ತಂದು ಗಂಡನ ನುಚ್ಚಿಗೆ ಸುರಿದೆ, ಹುಳಿಯಾಗಿದೆ ಎಂದು ಗೊಣಗಿದೆ.